ಐವಿಐಜಿ ಮುಗಿದು ಎಂಟು ದಿನ, ತಮ್ಮನ ಕಾಲು ಇನ್ನೂ ಅಲ್ಲಾಡುತ್ತಿಲ್ಲ: ಇನ್ನೊಂದು ಸಲ ಕೊಡಿಸಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಭೇದಿ ಆಗಿ ವಾಸಿಯಾಗಿತ್ತು. ಹತ್ತು ದಿನ ಬಿಟ್ಟು ಪಾದಗಳಲ್ಲಿ ಜುಮುಜುಮು ಶುರುವಾಯಿತು. ಮೂರನೇ ದಿನ ಮೆಟ್ಟಿಲು ಹತ್ತಲು ಆಗಲಿಲ್ಲ, ಐದನೇ ದಿನ ಎದ್ದು ನಿಲ್ಲಲೂ ಆಗಲಿಲ್ಲ. ಗಿಲಾನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬ ನರಗಳ ಕಾಯಿಲೆ ಎಂದರು. ಐಸಿಯುನಲ್ಲಿ ಇಟ್ಟು ಐದು ದಿನ ಐವಿಐಜಿ (ರಕ್ತನಾಳಕ್ಕೆ ಹಾಕುವ ಆಂಟಿಬಾಡಿ ಔಷಧ) ಕೊಟ್ಟರು. ಅದು ಮುಗಿದು ಎಂಟು ದಿನವಾಯಿತು, ಕಾಲು ಹಾಗೇ ಇದೆ. ಬಿಪಿ ಒಮ್ಮೆ 180, ಇನ್ನೊಮ್ಮೆ 90. ಸೋಡಿಯಂ 127ಕ್ಕೆ ಇಳಿದಿದೆ. ರಾತ್ರಿ ಹೊತ್ತು ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾನೆ. ಡಾಕ್ಟರು ದಿನಕ್ಕೆ ಮೂರು ನಾಲ್ಕು ಸಲ ಬಂದು ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಾರೆ. ಮೊದಲ ವಾರ 14ಕ್ಕೆ ನಿಲ್ಲುತ್ತಿತ್ತು, ಈಗ 23ರವರೆಗೆ ಹೋಗುತ್ತಾನೆ. ಔಷಧ ಹಿಡಿದಿಲ್ಲ, ಇನ್ನೊಂದು ಕೋರ್ಸ್ ಕೊಡಿಸಿ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಸ್ಟೀರಾಯ್ಡ್ ಆದರೂ ಯಾಕೆ ಕೊಡುತ್ತಿಲ್ಲ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಕಾಲಿನ ವಿಷಯ ಅಲ್ಲ, ಆ 14 ಮತ್ತು 23. ನೀವು ಅದನ್ನು ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ: ಇವತ್ತಿನ ಸ್ಥಿತಿಯಲ್ಲಿ ಇನ್ನೊಂದು ಕೋರ್ಸ್ ಐವಿಐಜಿ ಬೇಡ. ಸ್ಟೀರಾಯ್ಡ್ ಕೂಡ ಬೇಡ. ಆದರೆ ಬಿಪಿ, ಸೋಡಿಯಂ, ರಾತ್ರಿ ಕಾಣುವ ಆಕೃತಿ, ಇವು ಮೂರರ ಮೇಲೆ ಕಣ್ಣಿಡಲೇಬೇಕು. ನಿಮ್ಮ ತಮ್ಮನನ್ನು ನೋಡುತ್ತಿರುವ ವೈದ್ಯರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ, ಕೊನೆಯ ತೀರ್ಮಾನ ಅವರದ್ದೇ. ಆದರೆ ನಾನು ಹೀಗೆ ಹೇಳಲು ಕಾರಣ ಏನು ಎನ್ನುವುದು ನಿಮಗೆ ಅರ್ಥವಾಗಬೇಕು. ಇಲ್ಲದಿದ್ದರೆ ಕಾಯುವುದು ತುಂಬಾ ಕಷ್ಟ.

ಮೊದಲು ಭೇದಿಯಿಂದ ಶುರು ಮಾಡೋಣ. ಜಿಬಿಎಸ್‌ಗೆ ಮುಂಚೆ ಬರುವ ಸೋಂಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ. ಭೇದಿ ತರಿಸುವಂಥದ್ದು. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳ ಹೊರಮೈಯಲ್ಲಿ ಒಂದು ಬಗೆಯ ಸಕ್ಕರೆ ಸರಪಳಿ ಇರುತ್ತದೆ. ನಮ್ಮ ನರಗಳ ಮೇಲೂ ಹೆಚ್ಚು ಕಡಿಮೆ ಅದೇ ಆಕಾರದ ಸರಪಳಿ ಇದೆ, ಅದು ಜಿಎಂ1 ಎಂಬ ಗ್ಯಾಂಗ್ಲಿಯೊಸೈಡ್‌ನ (ಸಕ್ಕರೆ ಸೇರಿದ ಒಂದು ಬಗೆಯ ಕೊಬ್ಬಿನ) ಭಾಗ. ದೇಹ ಬ್ಯಾಕ್ಟೀರಿಯಾವನ್ನು ಹೊಡೆಯಲು ಆಂಟಿಬಾಡಿ ತಯಾರಿಸುತ್ತದೆ, ಭೇದಿ ನಿಲ್ಲುತ್ತದೆ, ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ರಕ್ತದಲ್ಲಿ ಉಳಿದ ಆಂಟಿಬಾಡಿಗೆ ನರದ ಮೇಲೆ ಅದೇ ಆಕಾರ ಸಿಗುತ್ತದೆ. ಹೋಗಿ ಅಲ್ಲಿ ಕೂರುತ್ತದೆ. ಹತ್ತು ದಿನದ ಆ ಅಂತರ ಇದಕ್ಕೇ, ಆಂಟಿಬಾಡಿ ಮಟ್ಟ ಏರಲು ಅಷ್ಟು ಸಮಯ ಬೇಕು.

ಇದು ಬರೀ ಊಹೆ ಅಲ್ಲ. ಜಪಾನಿನ ನೊಬುಹಿರೊ ಯೂಕಿ ಮತ್ತು ಅವರ ಜೊತೆಗಾರರು 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಬ್ಯಾಕ್ಟೀರಿಯಾದ ಹೊರಮೈಯಿಂದ ತೆಗೆದ ಆ ವಸ್ತುವನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳಲ್ಲಿ ಜಿಎಂ1 ವಿರುದ್ಧ ಆಂಟಿಬಾಡಿ ಬಂತು, ಕೈಕಾಲು ಸೋತು ಬಿದ್ದವು. ಜೀವಂತ ಬ್ಯಾಕ್ಟೀರಿಯಾ ಬೇಕಾಗಲೇ ಇಲ್ಲ. ಆ ಆಕಾರವೊಂದೇ ಸಾಕಾಯಿತು.

ಹಾಗಾದರೆ ಅದೇ ಭೇದಿ ಬಂದ ಉಳಿದವರಿಗೆ ಯಾಕೆ ಆಗಲಿಲ್ಲ ಎಂದು ನೀವು ಕೇಳಬಹುದು. ಕ್ಯಾಂಪೈಲೋಬ್ಯಾಕ್ಟರ್ ತಗುಲಿದ ಅಂದಾಜು ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಜಿಬಿಎಸ್ ಬರುತ್ತದೆ. ಆ ತಳಿಯೇ ಆಗಿರಬೇಕು, ಆ ಮನುಷ್ಯನ ರಕ್ಷಣಾ ವ್ಯವಸ್ಥೆಯೂ ಹಾಗೆ ತಿರುಗಬೇಕು. ನಿಮ್ಮ ತಮ್ಮ ಏನೋ ತಪ್ಪು ಮಾಡಿದ್ದರಿಂದ ಬಂದದ್ದಲ್ಲ ಇದು. ಯಾರಾದರೂ ಹಾಗೆ ಮಾತಾಡಿದರೆ ಅಲ್ಲೇ ನಿಲ್ಲಿಸಿ.

ಈಗ ನರದ ಮೇಲೆ ಏನಾಗುತ್ತದೆ ನೋಡೋಣ. ಆಂಟಿಬಾಡಿ ಕೂತ ಜಾಗಕ್ಕೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಬರುತ್ತದೆ. ಅವು ಒಂದರ ಹಿಂದೆ ಒಂದು ಜೋಡಿಸಿಕೊಂಡು ನರದ ಪೊರೆಯಲ್ಲಿ ತೂತು ಕೊರೆಯುತ್ತವೆ. ನರತಂತುವಿನ ಸುತ್ತ ಮೈಲಿನ್ ಎಂಬ ಹೊದಿಕೆ ಇದೆ, ಅದರಲ್ಲಿ ಅಲ್ಲಲ್ಲಿ ಸಣ್ಣ ಸಂದುಗಳಿವೆ, ಸಂದೇಶ ಒಂದು ಸಂದಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಕೆಲವರಲ್ಲಿ ಹೊದಿಕೆ ಕಿತ್ತುಬರುತ್ತದೆ. ಇನ್ನು ಕೆಲವರಲ್ಲಿ, ಅದರಲ್ಲೂ ಕ್ಯಾಂಪೈಲೋಬ್ಯಾಕ್ಟರ್ ನಂತರ, ಆ ಸಂದುಗಳಲ್ಲೇ ಪೆಟ್ಟು ಬೀಳುತ್ತದೆ. ಎರಡರಲ್ಲೂ ಮಿದುಳು ಕಾಲಿಗೆ ‘ಎತ್ತು’ ಎನ್ನುತ್ತದೆ, ಮಾತು ದಾರಿಯಲ್ಲೇ ನಿಂತುಹೋಗುತ್ತದೆ.

ಮುಂದಿನದ್ದಕ್ಕೆ ಸ್ವಲ್ಪ ಗಮನ ಕೊಡಿ, ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇಲ್ಲೇ. ಐವಿಐಜಿ ಎಂದರೆ ಸಾವಿರಾರು ಜನ ರಕ್ತ ಕೊಟ್ಟದ್ದರಿಂದ ತೆಗೆದ ಆಂಟಿಬಾಡಿ. ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ. ಇಷ್ಟು ಆಂಟಿಬಾಡಿ ಒಮ್ಮೆಲೇ ಒಳಗೆ ಹೋದಾಗ ಕೆಟ್ಟ ಆಂಟಿಬಾಡಿಗಳು ಬೇಗ ಕರಗಿಹೋಗುತ್ತವೆ, ಕಾಂಪ್ಲಿಮೆಂಟ್ ಕೆಲಸಕ್ಕೂ ಅಡ್ಡಿಯಾಗುತ್ತದೆ ಎಂದು ತಿಳಿದಿದ್ದೇವೆ. ಅಂದರೆ ದಾಳಿ ನಿಲ್ಲುತ್ತದೆ. ಆದರೆ ಹಾಳಾದ ನರವನ್ನು ಈ ಔಷಧ ರಿಪೇರಿ ಮಾಡುವುದಿಲ್ಲ. ಬೆಂಕಿ ಆರಿಸಿದ ಮಾತ್ರಕ್ಕೆ ಸುಟ್ಟ ಮನೆ ಎದ್ದು ನಿಲ್ಲುತ್ತದಾ? ಕಟ್ಟುವ ಕೆಲಸ ದೇಹದ್ದು, ಅದು ತನ್ನ ಲೆಕ್ಕದಲ್ಲೇ ನಡೆಯುತ್ತದೆ. ಸಂದುಗಳು ಮಾತ್ರ ಮುಚ್ಚಿಹೋಗಿದ್ದರೆ ದಿನಗಳಲ್ಲಿ, ವಾರಗಳಲ್ಲಿ ತೆರೆದುಕೊಳ್ಳಬಹುದು. ಹೊದಿಕೆ ಮತ್ತೆ ಸುತ್ತಲು ವಾರಗಳಿಂದ ತಿಂಗಳುಗಳು ಬೇಕು. ನರತಂತುವೇ ತುಂಡಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಪಾದಕ್ಕೆ ಹೋಗುವ ನರ ಸೊಂಟದಿಂದ ಎಷ್ಟು ಉದ್ದ ಇದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಎಂಟು ದಿನದಲ್ಲಿ ಕಾಲು ಏಳಲಿಲ್ಲ ಎನ್ನುವುದು ಔಷಧ ಸೋತಿದ್ದರ ಗುರುತು ಎಂದು ಹೇಳಲಾಗುವುದಿಲ್ಲ.

ಸಾಮಾನ್ಯವಾಗಿ ಶಕ್ತಿ ವಾಪಸ್ ಬರುವುದು ಮೇಲಿನಿಂದ ಕೆಳಕ್ಕೆ. ಕತ್ತು, ಭುಜ, ಆಮೇಲೆ ಸೊಂಟ, ತೊಡೆ. ಪಾದದ ಬೆರಳು ಕೊನೆಗೆ. ಅದಕ್ಕೇ ಆ 14 ಮತ್ತು 23 ನನಗೆ ಮುಖ್ಯ. ಐಸಿಯುನಲ್ಲಿ ಎಣಿಸುವುದು ಹೇಗೆ ಎಂದು ನೀವು ನೋಡಿರುತ್ತೀರಿ: ಪೂರ್ತಿ ಉಸಿರು ಎಳೆದುಕೊಳ್ಳಿ, ಈಗ ಒಂದು, ಎರಡು, ಮೂರು, ಮಾಮೂಲಿ ವೇಗದಲ್ಲಿ. ಆರೋಗ್ಯವಂತರು 40, 50ರ ತನಕ ಆರಾಮಾಗಿ ಹೋಗುತ್ತಾರೆ. 20ಕ್ಕಿಂತ ಕೆಳಗೆ ಬಂದರೆ ನಾವು ವೆಂಟಿಲೇಟರ್ ಹತ್ತಿರಕ್ಕೆ ತಂದಿಟ್ಟುಕೊಳ್ಳುತ್ತೇವೆ. ನಾನು ಒಬ್ಬ ರೋಗಿಯ ಮಂಚದ ಪಕ್ಕ ನಿಂತು ಬೆಳಿಗ್ಗೆ 31, ಮಧ್ಯಾಹ್ನ 22, ಸಂಜೆ 13 ಎಂದು ಬರೆದುಕೊಂಡಿದ್ದೇನೆ. ಆತ ಮಾತಾಡುತ್ತಲೇ ಇದ್ದ, ರಕ್ತದ ಆಮ್ಲಜನಕ 97 ತೋರಿಸುತ್ತಲೇ ಇತ್ತು, ಮನೆಯವರು ಚೆನ್ನಾಗಿಯೇ ಇದ್ದಾನಲ್ಲ ಅಂದರು. ಆದರೆ ಹದಿಮೂರಕ್ಕೆ ಬಂದಾಗ ‘ಹದಿ’ ಅಂದಮೇಲೆ ‘ಮೂರು’ ಅನ್ನಲು ಅವನ ಕತ್ತಿನ ಸ್ನಾಯುಗಳೆಲ್ಲ ಎದ್ದು ಕಾಣುತ್ತಿದ್ದವು. ಆ ರಾತ್ರಿ ಟ್ಯೂಬ್ ಹಾಕಿದೆವು. ಆಮ್ಲಜನಕದ ಅಂಕಿ ಬೀಳುವವರೆಗೆ ಕಾದಿದ್ದರೆ ತಡವಾಗುತ್ತಿತ್ತು. ಜಿಬಿಎಸ್ ಬಂದವರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ನಿಮ್ಮ ತಮ್ಮ 14ಕ್ಕೆ ಇಳಿದು, ಅದು ತಪ್ಪಿ, ಈಗ 23ಕ್ಕೆ ಬಂದಿದ್ದಾರೆ. ಕಾಲಿನಲ್ಲಿ ನೀವು ಹುಡುಕುತ್ತಿರುವ ಸುಧಾರಣೆ ಎದೆಯಲ್ಲಿ ಆಗಲೇ ಶುರುವಾಗಿದೆ.

ಈಗ ಎರಡನೇ ಕೋರ್ಸ್ ವಿಷಯ. ನಿಮ್ಮ ಮನೆಯವರು ಹೇಳುವುದು ತೀರಾ ಅಸಂಬದ್ಧ ಏನಲ್ಲ. ನಾವು ನರರೋಗ ವೈದ್ಯರೇ ವರ್ಷಗಟ್ಟಲೆ ಹಾಗೆ ಯೋಚಿಸಿದ್ದೇವೆ, ಎಷ್ಟೋ ಜನ ಕೊಟ್ಟೂ ಇದ್ದಾರೆ. ಅದಕ್ಕೊಂದು ಕಾರಣವೂ ಇತ್ತು. ಐವಿಐಜಿ ಕೊಟ್ಟು ಎರಡು ವಾರದ ನಂತರ ರಕ್ತದಲ್ಲಿ ಐಜಿಜಿ (ಐವಿಐಜಿಯಲ್ಲಿರುವ ಆಂಟಿಬಾಡಿ) ಮಟ್ಟ ಎಷ್ಟು ಏರಿದೆ ಎಂದು ಡಚ್ ಸಂಶೋಧಕರು ಅಳೆದು ನೋಡಿದರು. ಯಾರಲ್ಲಿ ಕಡಿಮೆ ಏರಿತ್ತೋ ಅವರ ಚೇತರಿಕೆ ನಿಧಾನವಾಗಿತ್ತು. ಹಾಗಾದರೆ ಅಂಥವರಿಗೆ ಇನ್ನಷ್ಟು ಕೊಟ್ಟರೆ ಸರಿಹೋಗಬೇಕಲ್ವಾ? ಕೇಳಲು ಸರಿಯಾಗಿಯೇ ಇದೆ. ಆದರೆ ಕೇಳಲು ಸರಿ ಎನಿಸಿದ್ದೆಲ್ಲ ರೋಗಿಯ ಮೈಯಲ್ಲಿ ಸರಿಯಾಗುವುದಿಲ್ಲ, ಪ್ರಯೋಗ ಮಾಡಿಯೇ ನೋಡಬೇಕು. ಅದೇ ಡಚ್ ಗುಂಪು ಚೇತರಿಕೆ ಕಷ್ಟ ಎಂದು ಅಂಕಗಳ ಲೆಕ್ಕದಲ್ಲಿ ಗುರುತಿಸಿದ 93 ರೋಗಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎರಡನೇ ಐವಿಐಜಿ, ಇನ್ನೊಂದಕ್ಕೆ ಪ್ಲಸೀಬೊ, ಅಂದರೆ ಔಷಧದ ಹಾಗೆ ಕೊಡುವ ಆದರೆ ಔಷಧವಲ್ಲದ ದ್ರವ. 2021ರಲ್ಲಿ ಫಲಿತಾಂಶ ಬಂತು. ಎರಡನೇ ಕೋರ್ಸ್ ಪಡೆದವರು ಬೇಗ ಚೇತರಿಸಿಕೊಳ್ಳಲಿಲ್ಲ. ಬದಲಿಗೆ ಅವರಲ್ಲಿ ಗಂಭೀರ ತೊಂದರೆಗಳು ಜಾಸ್ತಿ ಕಂಡವು, ಅದರಲ್ಲಿ ರಕ್ತ ಹೆಪ್ಪುಗಟ್ಟುವುದೂ ಸೇರಿತ್ತು. ಐವಿಐಜಿ ರಕ್ತವನ್ನು ಮಂದ ಮಾಡುತ್ತದೆ, ಕಾಲು ಅಲ್ಲಾಡದೆ ಮಲಗಿದವರಲ್ಲಿ ಹೆಪ್ಪು ಕಟ್ಟುವ ಭಯ ಮೊದಲೇ ಇದೆ. ಎರಡೂ ಸೇರಿದರೆ ಏನಾಗಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ಸಂದರ್ಭ ಬೇರೆ. ಮೊದಲ ಕೋರ್ಸ್ ನಂತರ ಚೇತರಿಸಿಕೊಂಡು ಅಥವಾ ಒಂದೇ ಮಟ್ಟದಲ್ಲಿ ನಿಂತು, ಎಂಟು ವಾರದೊಳಗೆ ಮತ್ತೆ ಕೆಳಗೆ ಜಾರಿದರೆ, ದಾಳಿ ಇನ್ನೂ ನಿಂತಿಲ್ಲ, ಔಷಧದ ಪ್ರಭಾವ ಮೊದಲೇ ಮುಗಿದಿದೆ ಎಂದು ಅರ್ಥ. ಹತ್ತರಲ್ಲಿ ಒಬ್ಬರಿಗೆ ಹೀಗಾಗಬಹುದು. ಆಗ ಮತ್ತೆ ಕೊಡುವುದು ರೂಢಿ. ಎಂಟು ವಾರ ದಾಟಿದ ಮೇಲೂ ಜಾರಿದರೆ, ಇಲ್ಲವೇ ಮೂರು ಸಲ ಹಾಗಾದರೆ, ಸಿಐಡಿಪಿ ಎಂಬ ದೀರ್ಘಕಾಲದ ಕಾಯಿಲೆ ಇರಬಹುದಾ ಎಂದು ಯೋಚಿಸುತ್ತೇವೆ. ಹಾಗಾಗಿ 23 ಮತ್ತೆ 17 ಆಯಿತು, ಎತ್ತುತ್ತಿದ್ದ ಕೈ ಮತ್ತೆ ಬಿದ್ದಿತು ಎಂದಾದರೆ ಆ ಕ್ಷಣವೇ ಡಾಕ್ಟರಿಗೆ ಹೇಳಿ. ನಿಧಾನ ಆಗುವುದು ಬೇರೆ, ಹಿಂದಕ್ಕೆ ಜಾರುವುದು ಬೇರೆ.

ಇದನ್ನು ಓದಿ ಯಾರಾದರೂ ಹಾಗಾದರೆ ಪ್ಲಾಸ್ಮಾ ಬದಲಾಯಿಸಿ ಎನ್ನಬಹುದು. ರಕ್ತದಿಂದ ಆಂಟಿಬಾಡಿ ಇರುವ ದ್ರವ ಭಾಗವನ್ನು ತೆಗೆದುಹಾಕುವ ಈ ಚಿಕಿತ್ಸೆ ಕೆಲಸ ಮಾಡುತ್ತದೆ, 1985ರಲ್ಲಿ ಉತ್ತರ ಅಮೆರಿಕದ 245 ರೋಗಿಗಳ ಪ್ರಯೋಗದಲ್ಲೇ ಅದು ಗೊತ್ತಾಯಿತು. 1992ರಲ್ಲಿ ಡಚ್ಚರು ಐವಿಐಜಿ ಕೂಡ ಅಷ್ಟೇ ಒಳ್ಳೆಯದು ಎಂದು ತೋರಿಸಿದರು. 1997ರಲ್ಲಿ 383 ರೋಗಿಗಳಲ್ಲಿ ಎರಡನ್ನೂ ಒಂದರ ನಂತರ ಒಂದು ಕೊಟ್ಟು ನೋಡಿದರು. ಹೆಚ್ಚಿನ ಲಾಭ ಸಿಗಲಿಲ್ಲ. ಅದರಲ್ಲೂ ಐವಿಐಜಿ ಕೊಟ್ಟ ಹಿಂದೆಯೇ ಪ್ಲಾಸ್ಮಾ ತೆಗೆದರೆ ಕೊಟ್ಟ ಔಷಧವನ್ನೇ ಹೊರಗೆ ಚೆಲ್ಲಿದಂತೆ.

ಸ್ಟೀರಾಯ್ಡ್ ಪ್ರಶ್ನೆ ನನಗೆ ಪ್ರತಿ ವಾರ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ದಾಳಿ ಮಾಡುವ ಎಷ್ಟೋ ಕಾಯಿಲೆಗಳಲ್ಲಿ ಅದೇ ಮೊದಲ ಔಷಧ, ಹಾಗಾಗಿ ಕೇಳುವುದು ಸಹಜ. 1993ರಲ್ಲಿ 242 ರೋಗಿಗಳಲ್ಲಿ ರಕ್ತನಾಳದ ಮೂಲಕ ಕೊಟ್ಟು ನೋಡಿದ್ದಾರೆ, ಉಪಯೋಗ ಆಗಲಿಲ್ಲ. ಮಾತ್ರೆ ರೂಪದಲ್ಲಿ ಕೊಟ್ಟ ಕಡೆ ಚೇತರಿಕೆ ನಿಧಾನವಾದ ಸೂಚನೆಯೂ ಇದೆ. ನಿಮ್ಮ ವೈದ್ಯರು ಕೊಡದೆ ಇರುವುದು ಸರಿಯಾಗಿಯೇ ಇದೆ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದ ಭಾಗಕ್ಕೆ ಬರುತ್ತೇನೆ, ಬಿಪಿ. ಜಿಬಿಎಸ್ ಕಾಲು ಕೈಯ ನರಗಳಿಗೆ ಮಾತ್ರ ಹೊಡೆಯುವುದಿಲ್ಲ. ಹೃದಯದ ಬಡಿತ, ರಕ್ತನಾಳಗಳ ಬಿಗಿ, ಕರುಳು, ಮೂತ್ರಕೋಶ, ಇವನ್ನೆಲ್ಲ ನಮಗೆ ತಿಳಿಯದ ಹಾಗೆ ನಡೆಸುವ ನರಗಳಿಗೂ ಪೆಟ್ಟು ಬೀಳುತ್ತದೆ. 180 ಆಗಿ ಅರ್ಧ ಗಂಟೆಯಲ್ಲಿ 90 ಆಗುವುದು ಇದರಿಂದಲೇ. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ 180 ನೋಡಿ ದಿನವಿಡೀ ಕೆಲಸ ಮಾಡುವ ಮಾತ್ರೆ ಕೊಟ್ಟುಬಿಡುವುದು. ಬಿಪಿ ತಾನಾಗಿಯೇ ಇಳಿಯುವ ಹೊತ್ತಿಗೆ ಮಾತ್ರೆಯೂ ಸೇರಿಕೊಂಡರೆ ಪಾತಾಳಕ್ಕೆ ಹೋಗುತ್ತದೆ. ಕೊಡಲೇಬೇಕಾದರೆ ಬೇಗ ಇಳಿದುಹೋಗುವ ಔಷಧವೇ ಕೊಡಬೇಕು, ಅದೂ ಕಡಿಮೆ ಪ್ರಮಾಣದಲ್ಲಿ. ಮಂಚದ ತಲೆಭಾಗ ಎತ್ತುವಾಗಲೂ ನಿಧಾನ ಇರಲಿ. ಟ್ಯೂಬ್ ಇರುವವರಲ್ಲಿ ಕಫ ಎಳೆಯುವಾಗ ನಾಡಿ ಒಮ್ಮೆಲೇ ನಿಂತಂತಾಗುವುದನ್ನು ನಾನು ನೋಡಿದ್ದೇನೆ, 90ರಿಂದ 30ಕ್ಕೆ, ಮಾನಿಟರ್ ಕೂಗಿದಾಗ ಸಿಸ್ಟರ್ ಕೈ ಹಿಂದಕ್ಕೆ ತೆಗೆದರೆ ಮತ್ತೆ ಮೇಲೆ ಬಂತು. ಈ ಕಾಯಿಲೆಯಲ್ಲಿ ಸಾಯುವವರು ಸುಮಾರು ನೂರಕ್ಕೆ ಐದು ಜನ. ಕಾಲು ಬಿದ್ದುಹೋದದ್ದರಿಂದ ಯಾರೂ ಸಾಯುವುದಿಲ್ಲ, ಸಾವು ಬರುವುದು ಉಸಿರು, ನಾಡಿ, ಸೋಂಕು, ಹೆಪ್ಪುಗಟ್ಟಿದ ರಕ್ತ, ಈ ದಾರಿಗಳಲ್ಲಿ. ಉಸಿರು ಚೆನ್ನಾಗಿದೆ ಎಂದು ಐಸಿಯುನಿಂದ ಬೇಗ ಹೊರಗೆ ತನ್ನಿ ಎಂದು ಒತ್ತಾಯ ಮಾಡಬೇಡಿ. ಬಿಪಿ ಮತ್ತು ನಾಡಿ ಒಂದು ಹದಕ್ಕೆ ಬರುವವರೆಗೆ ಮಾನಿಟರ್ ಕೆಳಗೇ ಇರಲಿ.

ಬಿಪಿ ಹೀಗೆ ಏರುವಾಗ ತಲೆನೋವು, ಕಣ್ಣು ಮಂಜು, ಫಿಟ್ಸ್ ಬಂದರೆ ಮಿದುಳಿನ ಹಿಂಭಾಗದಲ್ಲಿ ಊತ ಬಂದಿರಬಹುದು. ಪ್ರೆಸ್ ಎಂದು ಕರೆಯುತ್ತೇವೆ. ಅಪರೂಪ, ಬೇಗ ಗುರುತಿಸಿದರೆ ಸಾಮಾನ್ಯವಾಗಿ ವಾಸಿಯಾಗುವಂಥದ್ದು, ಆದರೆ ಯಾರಾದರೂ ಗುರುತಿಸಬೇಕು.

ಸೋಡಿಯಂ 127 ಎಂದಿದ್ದೀರಿ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಜಿಬಿಎಸ್‌ನಲ್ಲಿ ದೇಹ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತ ತೆಳುವಾಗಿ ಸೋಡಿಯಂ ಇಳಿಯುತ್ತದೆ. ಇನ್ನೊಂದು, ಐವಿಐಜಿಯಿಂದ ರಕ್ತದಲ್ಲಿ ಪ್ರೋಟೀನ್ ಜಾಸ್ತಿಯಾಗಿ ಲ್ಯಾಬಿನ ಕೆಲವು ಯಂತ್ರಗಳು ಸೋಡಿಯಂ ಇಲ್ಲದಷ್ಟು ಕಡಿಮೆ ತೋರಿಸುತ್ತವೆ. ನಿಜವಾಗಿ ಇಳಿದೇ ಇರುವುದಿಲ್ಲ. ಐಸಿಯುನಲ್ಲಿ ಆಮ್ಲಜನಕ ಪರೀಕ್ಷೆಗೆ ಬಳಸುವ ಬ್ಲಡ್ ಗ್ಯಾಸ್ ಯಂತ್ರ ಬೇರೆ ವಿಧಾನದಲ್ಲಿ ಅಳೆಯುತ್ತದೆ, ಅದರಲ್ಲಿ ಎಷ್ಟಿದೆ ಎಂದು ಒಮ್ಮೆ ಕೇಳಿ. ಸುಳ್ಳು 127ಕ್ಕೆ ಚಿಕಿತ್ಸೆ ಮಾಡಲು ಹೋಗಿ ನೀರು ಕಡಿಮೆ ಮಾಡಿದರೆ ಮೊದಲೇ ಕುಣಿಯುತ್ತಿರುವ ಬಿಪಿ ಇನ್ನಷ್ಟು ಬೀಳುತ್ತದೆ. ಹಾಗೆಯೇ, ಈಗ ಕೆಲವು ತಿಂಗಳು ಹೆಪಟೈಟಿಸ್‌ನಂಥ ಆಂಟಿಬಾಡಿ ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ರಕ್ತ ಕೊಟ್ಟವರ ಆಂಟಿಬಾಡಿ ನಿಮ್ಮ ತಮ್ಮನ ಮೈಯಲ್ಲಿ ಇನ್ನೂ ಓಡಾಡುತ್ತಿರುತ್ತದೆ. ಐವಿಐಜಿ ಕೊಡುವ ಮೊದಲು ತೆಗೆದ ರಕ್ತದ ವರದಿ ಇದ್ದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಗೋಡೆ ಹತ್ತಿರ ನಿಂತವರ ಬಗ್ಗೆ. ಐಸಿಯುನಲ್ಲಿರುವ ಜಿಬಿಎಸ್ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗೆ ಏನಾದರೂ ಕಾಣುತ್ತದೆ, ಕೇಳುತ್ತದೆ, ದೇಹ ತೇಲಿದಂತೆ ಅನಿಸುತ್ತದೆ. ಮಿದುಳಿನ ಒಳಗೆ ದಾಳಿ ಆಗಿಲ್ಲ. ನಿದ್ದೆಯ ಕನಸು ಎಚ್ಚರದೊಳಗೆ ನುಗ್ಗಿ ಬರುತ್ತದೆ, ಅದಕ್ಕೇ ಅದು ತುಂಬಾ ನಿಜ ಅನಿಸುತ್ತದೆ. ಎಷ್ಟೋ ಜನ ಹುಚ್ಚು ಹಿಡಿಯಿತು ಅಂದುಕೊಂಡಾರು ಎಂದು ಹೆದರಿ ಹೇಳುವುದೇ ಇಲ್ಲ. ನಿಮ್ಮ ತಮ್ಮ ಹೇಳಿದ್ದಾರೆ, ಅದು ಒಳ್ಳೆಯದಾಯಿತು. ಸೋಡಿಯಂ ನಿಜವಾಗಿಯೂ ಕಡಿಮೆ ಇದ್ದರೆ, ಸೋಂಕು ಇದ್ದರೆ, ಆಗಲೂ ಹೀಗಾಗುವುದರಿಂದ ಡಾಕ್ಟರಿಗೆ ತಿಳಿಸಲೇಬೇಕು. ರಾತ್ರಿ ದೀಪ ಮಂದ ಮಾಡಿಸಿ, ಹಗಲು ಕಿಟಕಿಯ ಬೆಳಕು ಬರಲಿ, ಎದುರಿಗೆ ಗಡಿಯಾರ ಇರಲಿ. ನೋವಿದೆಯಾ ಎಂದೂ ಕೇಳಿ. ಬೆನ್ನು, ತೊಡೆಗಳಲ್ಲಿ ಕೆಟ್ಟ ನೋವು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ, ಕಾಲು ಅಲ್ಲಾಡುವುದಿಲ್ಲ ಎಂದ ಮಾತ್ರಕ್ಕೆ ನೋಯುವುದಿಲ್ಲ ಎಂದಲ್ಲ.

ಹೊಸ ಔಷಧ ಬರುತ್ತಿದೆಯಾ? ಬರುತ್ತಿದೆ ಎಂದು ನಾನು ನಂಬಿದ್ದೇನೆ. ಐವಿಐಜಿ ಬಂದು ಮೂವತ್ತು ವರ್ಷ ದಾಟಿತು, ಇಷ್ಟು ದಿನ ಬೇರೇನೂ ಸಿಗಲಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ. ಈಗ ಸಂಶೋಧಕರು ಕಾಂಪ್ಲಿಮೆಂಟ್ ಸರಪಳಿಯನ್ನೇ ತಡೆಯಲು ನೋಡುತ್ತಿದ್ದಾರೆ. ಎಕುಲಿಜುಮ್ಯಾಬ್ ಎಂಬ ಔಷಧ ಸರಪಳಿಯ ಕೊನೆಯ ಭಾಗವನ್ನು ತಡೆಯುತ್ತದೆ. ಜಪಾನಿನ 34 ರೋಗಿಗಳ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತ್ತು, ಮುಂದಿನ ಹಂತದಲ್ಲಿ ಗುರಿ ಮುಟ್ಟಲಿಲ್ಲ. ಇನ್ನೊಂದು ಔಷಧ ಸರಪಳಿಯ ಮೊದಲ ಕೊಂಡಿಯಾದ ಸಿ1ಕ್ಯೂ ಮೇಲೆ ಕೂರುತ್ತದೆ. ಅದನ್ನು ಬಾಂಗ್ಲಾದೇಶ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ತಿಳಿಸಿದರು, ಪ್ಲಸೀಬೊಗಿಂತ ಚೇತರಿಕೆ ಚೆನ್ನಾಗಿತ್ತು. ಆದರೆ ಇವೆಲ್ಲ ದಾಳಿ ನಡೆಯುವ ಮೊದಲ ದಿನಗಳ ಔಷಧಗಳು. ನಿಮ್ಮ ತಮ್ಮನಿಗೆ ಆ ಹಂತ ದಾಟಿದೆ, ಹಾಗಾಗಿ ಇವುಗಳ ಹಿಂದೆ ಓಡಬೇಡಿ.

ಜಿಬಿಎಸ್ ಬಂದವರಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 80 ಜನ ಯಾರ ಸಹಾಯವೂ ಇಲ್ಲದೆ ನಡೆಯುತ್ತಾರೆ. ಉಳಿದವರಲ್ಲೂ ಎರಡು ಮೂರು ವರ್ಷದವರೆಗೆ ಸುಧಾರಣೆ ಕಾಣುತ್ತದೆ. ಸುಸ್ತು ಮಾತ್ರ ಬಹಳ ದಿನ ಉಳಿಯುತ್ತದೆ, ನಡೆಯಲು ಬಂದಮೇಲೂ. ಆಗ ಸೋಮಾರಿತನ ಅನ್ನಬೇಡಿ. ಮತ್ತೆ ಬರುವ ಸಾಧ್ಯತೆ ತುಂಬಾ ಕಡಿಮೆ, ನೂರರಲ್ಲಿ ಎರಡರಿಂದ ಐದು ಜನರಿಗೆ ಅಷ್ಟೇ.

ನಾಳೆ ಡಾಕ್ಟರು ಬಂದಾಗ ಇಷ್ಟು ಕೇಳಿ. ನರದ ವಿದ್ಯುತ್ ಪರೀಕ್ಷೆಯಲ್ಲಿ ಹೊದಿಕೆ ಹಾಳಾಗಿದೆಯಾ, ತಂತು ಹಾಳಾಗಿದೆಯಾ, ಮತ್ತೊಮ್ಮೆ ಪರೀಕ್ಷೆ ಯಾವಾಗ. ಹೆಪ್ಪುಗಟ್ಟದಂತೆ ಇಂಜೆಕ್ಷನ್ ನಡೆಯುತ್ತಿದೆಯಾ. ನುಂಗುವ ಪರೀಕ್ಷೆ ಮಾಡಿದ್ದೀರಾ. ಫಿಸಿಯೋದವರು ಯಾವತ್ತಿನಿಂದ ಕೂರಿಸುತ್ತಾರೆ. ಮುಂದೆ ಯಾವತ್ತಾದರೂ ಅವರಿಗೆ ಆಪರೇಷನ್ ಆಗಬೇಕಾದರೆ ಅರಿವಳಿಕೆ ಕೊಡುವವರಿಗೆ ಜಿಬಿಎಸ್ ಆಗಿತ್ತು ಎಂದು ತಪ್ಪದೆ ಹೇಳಿ, ಸಕ್ಸಿನೈಲ್‌ಕೋಲಿನ್ ಎಂಬ ಔಷಧದಿಂದ ಇಂಥವರಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.

ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಎಣಿಕೆ ಬರೆಯುತ್ತಾ ಹೋಗಿ. 14, 23, ನಾಳೆ ಎಷ್ಟೋ. ಅದರ ಪಕ್ಕದಲ್ಲಿ ಕತ್ತು ದಿಂಬಿನಿಂದ ಮೇಲೆ ಬಂತಾ, ಭುಜ ಅಲ್ಲಾಡಿತಾ ಎಂದು ಎರಡು ಪದ. ಅದನ್ನು ನಿಮ್ಮ ತಮ್ಮನಿಗೂ ದಿನಾ ಓದಿ ಹೇಳಿ. ಅವರು ಮಲಗಿದಲ್ಲಿಂದ ತಮ್ಮ ಕಾಲುಗಳನ್ನು ಮಾತ್ರ ನೋಡುತ್ತಿರುತ್ತಾರೆ.